ಕರಿಕಲ್ಲಿನ ಗುಡ್ಡದಲ್ಲಿ ನಿಂತ ಕುದುರೆ

ಸರ್ ಬನಿ ಯಾಸ್ ದ್ವೀಪದ ನಡುವಿನ ಗುಡ್ಡಗಳು ಕೆಂಪು, ನೇರಳೆ, ಕಪ್ಪು. ನೆಲದಾಳದಿಂದ ಉಬ್ಬಿಬಂದ ಉಪ್ಪು ಹಳೆಯ ಜ್ವಾಲಾಮುಖಿಯ ಕಲ್ಲುಗಳನ್ನೂ ಹೊತ್ತು ತಂದಿದೆಯಂತೆ. ಈದ್ ರಜೆಗೆ ಅಬುಧಾಬಿಯಿಂದ ಬಂದ ನಾವು ಮೂವರು ಬೆಳಿಗ್ಗೆ ಕುದುರೆ ಹತ್ತಿದೆವು. ಹೆಂಡತಿ ಲವೀನಾಳಿಗೆ ಇದೇ ಮೊದಲು. ಅವಳ ತುಟಿಗಳು ಪ್ರಾರ್ಥನೆ ಹೇಳುತ್ತಿದ್ದವು.

ಏರಿನ ಅರ್ಧದಲ್ಲಿ ಅವಳ ಕುದುರೆ ದಾರಿಯಿಂದ ತುಸು ಪಕ್ಕಕ್ಕೆ ಸರಿದು ನಿಂತುಬಿಟ್ಟಿತು. ಮುಂದಿದ್ದ ಪೇಶಾವರದ ಗೈಡ್ ತಿರುಗಿ, ಹಿಮ್ಮಡಿಯಿಂದ ತಿವಿಯಿರಿ ಎಂದು ಹಿಂದಿಯಲ್ಲಿ ಕೂಗಿದ.

"ಮಮ್ಮಿ, ಜಸ್ಟ್ ಕಿಕ್!" ಎಂದಳು ಮಗಳು ರಿಯಾ.

"ಅದಕ್ಕೆ ಮುಂದೆ ಹೋಗ್ಲಿಕ್ಕೆ ಮನಸ್ಸಿಲ್ಲ ಮಾರಾಯ್ತಿ. ನಾನು ಒದೆಯುದಿಲ್ಲ."

ಅದು ಭಯವೋ ಕನಿಕರವೋ ನನಗೆ ತಿಳಿಯಲಿಲ್ಲ.

ಗೈಡ್ ಇಳಿದು ಬಂದು ಲಗಾಮು ಹಿಡಿಯಲು ಹೋದವನು ಹಾಗೆಯೇ ನಿಂತ. ಕುದುರೆಯ ಮುಂಗಾಲಿನೆದುರು, ಕಲ್ಲುಗಳ ನಡುವೆ, ಮಣ್ಣಿನದೇ ಬಣ್ಣದ ಜಿಂಕೆಮರಿಯೊಂದು ಮುದುಡಿ ಮಲಗಿತ್ತು. ಆಗಷ್ಟೇ ಹುಟ್ಟಿದ್ದಿರಬೇಕು, ಮೈ ಇನ್ನೂ ಒದ್ದೆಯಾಗಿತ್ತು. ಕಣ್ಣುಗಳ ಹೊರತು ಬೇರೇನೂ ಅಲುಗುತ್ತಿರಲಿಲ್ಲ. ಒಂದೇ ಹೆಜ್ಜೆ ಇಟ್ಟಿದ್ದರೂ ಗೊರಸು ಅದರ ಮೇಲೆ ಬೀಳುತ್ತಿತ್ತು.

"ಖಲಾಸ್, ಇಲ್ಲಿಗೇ ಸಾಕು," ಎಂದು ಅವನು ಪಿಸುಗುಟ್ಟಿದ. "ತಾಯಿ ಇಲ್ಲೇ ಎಲ್ಲೋ ಇರ್ತಾಳೆ. ವಾಪಸ್ ಹೋಗೋಣ."

ಗುಡ್ಡದ ತುದಿಯಾಗಲಿ, ಅಲ್ಲಿಂದ ಕಾಣುವ ಕಡಲಾಗಲಿ ನಮಗೆ ಸಿಗಲಿಲ್ಲ. ಫೋಟೊ ತೆಗೆಯಬೇಕೆಂದಿದ್ದ ರಿಯಾ ಫೋನನ್ನು ಸದ್ದಿಲ್ಲದೆ ಜೇಬಿಗಿಳಿಸಿದಳು. ಇಳಿಜಾರು ಶುರುವಾದಾಗ ಗೈಡ್ ಲವೀನಾಳ ಕುದುರೆಯನ್ನು ತಾನೇ ಹಿಡಿದು ನಡೆಸಲು ಕೈ ಚಾಚಿದ.

ಅವಳು ಕುದುರೆಯ ಕುತ್ತಿಗೆ ಸವರುತ್ತ, "ಬೇಡ ಭಾಯ್, ನಾವಿಬ್ಬರೇ ಬರ್ತೇವೆ," ಎಂದಳು.