ಎಲೋಯ್ಸಾ ಹಾಡಿದ ಇನ್ನೊಬ್ಬಳ ಹಾಡುಗಳು

ಟಾಂಪಿಕೊ ಬಂದರಿನ ಸಂತೆಯಲ್ಲಿ ಏಡಿ ಹುರಿದು ಮಾರುತ್ತಿದ್ದ ರೆಮೆದಿಯೋಸ್‌ಳ ಮಗಳು ಎಲೋಯ್ಸಾ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬಾಯಿಗೆ ತರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಐಸು ಮಾರುವವನ ಕೂಗನ್ನೂ ಪಾದ್ರಿಯ ಕೆಮ್ಮನ್ನೂ ಅವಳು ಬಿಡುತ್ತಿರಲಿಲ್ಲ. ರೇಡಿಯೊ ಸ್ಪರ್ಧೆಯೊಂದರಲ್ಲಿ ಗೆದ್ದಾಗ ರಾಜಧಾನಿಯ ರೆಕಾರ್ಡು ಕಂಪನಿಯೊಂದರ ಯಜಮಾನ ದೋನ್ ಫಿಲಿಬೆರ್ತೊ ಅವಳನ್ನು ಕರೆಸಿಕೊಂಡ. ಗಡಿಯಾಚೆ, ಇಂಗ್ಲಿಷಿನಲ್ಲಿ ಹಾಡುವ ಡೆಲ್ಲಾ ವೆಸ್ಟಲ್ ಎಂಬವಳು ಆಗ ಬಹಳ ಹೆಸರು ಮಾಡಿದ್ದಳು. ಅವಳ ಹಾಡುಗಳು ಸ್ಪ್ಯಾನಿಷಿನಲ್ಲಿ ಬೇಕಿತ್ತು, ಅದೂ ಬೇಗ ಬೇಕಿತ್ತು.

ಅವಕ್ಕೆ ಸ್ಪ್ಯಾನಿಷ್ ಸಾಹಿತ್ಯ ಬರೆಯುತ್ತಿದ್ದವನು ನಾಬೋರ್, ತೆಳ್ಳಗಿನ ಮಾತುಗಾರ. ಕೆಟ್ಟು ನಿಂತ ಕಾರಿನ ಮೇಲಿದ್ದ ಡೆಲ್ಲಾಳ ತಮಾಷೆಯ ಹಾಡೊಂದನ್ನು ಅವನು 'ನೀನಿಲ್ಲದ ಭಾನುವಾರ' ಎಂಬ ವಿರಹದ ಹಾಡಾಗಿ ಮಾಡಿಬಿಟ್ಟ.

"ಅವಳು ಕಾರಿಗೆ ಅಳ್ತಾಳೆ, ನೀನು ಗಂಡಸಿಗೆ ಅಳು. ಎರಡೂ ಬೆಳಗ್ಗೆ ಸ್ಟಾರ್ಟ್ ಆಗಲ್ಲ," ಎಂದು ನಕ್ಕ.

ದೋನ್ ಫಿಲಿಬೆರ್ತೊ ನಗಲಿಲ್ಲ. "ನಿನ್ನ ಸೊಗಸು ಏನೂ ಸೇರಿಸಬೇಡ ಮಗಳೇ. ಅವಳು ಎಲ್ಲಿ ಉಸಿರು ಎಳ್ಕೊತಾಳೋ ನೀನೂ ಅಲ್ಲೇ ಎಳ್ಕೊ."

ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಎಲೋಯ್ಸಾ ಡೆಲ್ಲಾಳ ಗ್ರಾಮಫೋನ್ ತಟ್ಟೆಗಳನ್ನು ಮತ್ತೆ ಮತ್ತೆ ಹಾಕಿಕೊಂಡಳು. ಇಂಗ್ಲಿಷಿನ ಒಂದಕ್ಷರವೂ ತಿಳಿಯದು. ಆದರೆ ಡೆಲ್ಲಾಗೆ ಶೀತವಾಗಿದ್ದದ್ದು ಯಾವ ಹಾಡಿನಲ್ಲಿ, ಬೇಸರದಲ್ಲಿ ಹಾಡಿದ್ದು ಯಾವುದನ್ನು ಎಂಬುದೆಲ್ಲ ಗೊತ್ತಾಗುತ್ತಿತ್ತು. ಆ ಊರಿನಲ್ಲಿ ಅವಳು ಅಷ್ಟು ಹತ್ತಿರದಿಂದ ಬಲ್ಲ ಇನ್ನೊಂದು ಜೀವ ಇರಲಿಲ್ಲ.

ಭಾನುವಾರದ ಹಾಡು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಮೊಳಗಿತು. ಅದರ ಬೆನ್ನಿಗೇ ಇನ್ನಷ್ಟು ಹಾಡುಗಳು ಬಂದವು.

ಒಂದು ವಸಂತದಲ್ಲಿ ಡೆಲ್ಲಾ ವೆಸ್ಟಲ್ ತಾನೇ ರಾಜಧಾನಿಗೆ ಹಾಡಲು ಬಂದಳು. ಕಂಪನಿಯವರು ಎಲೋಯ್ಸಾಳನ್ನು ಕರೆಯಲಿಲ್ಲ. ಅವಳು ಟಿಕೆಟು ಕೊಂಡು ಮೇಲಿನ ಸಾಲಿನಲ್ಲಿ ಕೂತಳು. ಡೆಲ್ಲಾ ಕಾರಿನ ಹಾಡು ಶುರು ಮಾಡಿದ್ದೇ ತಡ, ಇಡೀ ಸಭಾಂಗಣ ಸ್ಪ್ಯಾನಿಷಿನಲ್ಲಿ ಭಾನುವಾರವನ್ನು ಹಾಡತೊಡಗಿತು. ವೇದಿಕೆಯ ಮೇಲಿದ್ದವಳು ಗಲಿಬಿಲಿಗೊಂಡು, ಆಮೇಲೆ ನಕ್ಕು, ಮೈಕನ್ನು ಜನರತ್ತ ಹಿಡಿದಳು.

ಪಕ್ಕದ ಹೆಂಗಸು ಎಲೋಯ್ಸಾಳ ಮೊಣಕೈ ತಿವಿದಳು. "ಯಾಕ್ರೀ ಸುಮ್ನೆ ಕೂತಿದೀರಿ? ಹಾಡು ಬರಲ್ವಾ?"

"ಗಂಟಲು ಸರಿಯಿಲ್ಲ," ಎಂದಳು ಎಲೋಯ್ಸಾ.

ಕಾರ್ಯಕ್ರಮ ಮುಗಿದ ಮೇಲೆ ಅವಳು ಹಿಂಬಾಗಿಲಿಗೆ ಹೋದಳು. ಡೆಲ್ಲಾ ಹೊರಗೆ ಬಂದಳು, ಎಣಿಸಿದ್ದಕ್ಕಿಂತ ಗಿಡ್ಡಗಿದ್ದಳು. ಎಲೋಯ್ಸಾ ತನ್ನ ಎದೆ ಮುಟ್ಟಿಕೊಂಡು ಹೆಸರು ಹೇಳಿದಳು, ಹಾಡಿನ ಹೆಸರನ್ನೂ ಹೇಳಿದಳು. ಅಭಿಮಾನಿಯಿರಬೇಕು ಅಂದುಕೊಂಡ ಡೆಲ್ಲಾ ಪ್ರೀತಿಯಿಂದಲೇ ಅವಳ ಕೈಯ ಹಾಳೆಗೆ ಸಹಿ ಹಾಕಿ, ಕೆನ್ನೆ ತಟ್ಟಿ ಕಾರು ಹತ್ತಿದಳು. ಎರಡೂ ಭಾಷೆ ಬಲ್ಲ ದೋನ್ ಫಿಲಿಬೆರ್ತೊ ಅಲ್ಲೇ ಸಿಗಾರು ಸೇದುತ್ತ ನಿಂತಿದ್ದ. ಅವಳು ಯಾರೆಂದು ಡೆಲ್ಲಾಗೆ ತಿಳಿಸುವ ಬದಲು ಕಾರಿನ ಬಾಗಿಲು ಮುಚ್ಚಿದ.

ಇದನ್ನು ಕೇಳಿ ನಾಬೋರ್‌ಗೆ ಮೈ ಉರಿಯಿತು. "ನಿಂಗೇ ಅಂತ ಒಂದು ಹಾಡು ಬರೀತೀನಿ. ಯಾರ ಎಂಜಲೂ ಅಲ್ಲದ್ದು," ಎಂದ. ರಾಗವನ್ನೂ ತಾನೇ ಕಟ್ಟಿ, ಬಹಳ ಕಾಡಿಬೇಡಿ ಕಂಪನಿಯನ್ನು ಒಪ್ಪಿಸಿದ. ಧ್ವನಿಮುದ್ರಣದ ದಿನ ವಾದ್ಯಗಳು ಶುರುವಾದವು. ಎಲೋಯ್ಸಾ ಮೈಕಿನ ಮುಂದೆ ಬಾಯಿ ತೆರೆದವಳು ಹಾಗೇ ನಿಂತಳು.

"ಮೊದಲು ಯಾರಾದ್ರೂ ಹಾಡಿರೋದನ್ನ ಒಂದ್ಸಲ ಕೇಳಿಸ್ತೀರಾ?" ಎಂದಳು.

ವಾದ್ಯದವರು ಗೊಳ್ಳೆಂದರು. ಅವಳು ತಮಾಷೆಗೆ ಕೇಳಿರಲಿಲ್ಲ. ಕೊನೆಗೆ ನಾಬೋರ್ ತನ್ನ ಒಡಕು ದನಿಯಲ್ಲಿ ಹಾಡಿ ತೋರಿಸಿದ. ಅವಳು ಅದನ್ನು ಹಾಗೇ, ಆ ಒಡಕಿನ ಸಮೇತ ಹಾಡಿದಳು. ತಟ್ಟೆಯನ್ನು ಯಾರೂ ಕೊಳ್ಳಲಿಲ್ಲ. ನಾಬೋರ್ ಆಮೇಲೆ ಅವಳಿಗೆ ಎದುರಾದಾಗಲೆಲ್ಲ ಹವಾಮಾನದ ವಿಷಯ ಮಾತ್ರ ಮಾತಾಡಿದ. ಅವನು ಆ ಹಾಡನ್ನು ಯಾಕೆ ಬರೆದನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಅವನು ಬೇರೆಯವಳನ್ನು ಮದುವೆಯಾಗಿದ್ದ.

ಕಾಲ ಬದಲಾಯಿತು, ಕಂಪನಿ ಅವಳನ್ನು ಬಿಟ್ಟಿತು. ಟಾಂಪಿಕೊಗೆ ಮರಳಿ, ನದಿಯ ಕಡೆಯ ಹೋಟೆಲೊಂದರಲ್ಲಿ ಊಟದ ಹೊತ್ತಿಗೆ ಹಾಡುತ್ತ ತಲೆ ನರೆಸಿಕೊಂಡಳು. ತಾಯಿ ಹೋದಳು. ಹೋಟೆಲೂ ಮುಚ್ಚಿತು. ಮಾತಿಗೆ ಉಳಿದವಳು ಕೆಳಮನೆಯ ಚೋನಾ ಒಬ್ಬಳೇ.

ಒಂದು ಮಧ್ಯಾಹ್ನ ಚೋನಾ ತಮಾಲೆ ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದಳು. "ಎಲೊ, ರೇಡಿಯೊ ಹಾಕೇ. ಯಾವಳೋ ಗಡಿಯಾಚೆಯ ಗ್ರಿಂಗಾ ನಿನ್ ಹಾಡು ಕದ್ದು ಹಾಡ್ತಾವ್ಳೆ."

"ಕದ್ದಿಲ್ಲ ಕಣೇ. ಅವಳದೇ ಅದು."

"ಸುಮ್ನಿರು. ನನ್ ಮದುವೇಲಿ ನಿಂದೇ ಹಾಕಿದ್ದು, ನಂಗೊತ್ತಿಲ್ವಾ?"

ಹಾಡು ಮುಗಿಯಿತು. ಡೆಲ್ಲಾ ವೆಸ್ಟಲ್ ತೀರಿಕೊಂಡಳೆಂದು ರೇಡಿಯೊದವನು ಹೇಳಿ, ಸೋಪಿನ ಜಾಹೀರಾತಿಗೆ ಹೋದ.

ಎಲೋಯ್ಸಾ ರೇಡಿಯೊ ಆರಿಸಿದಳು. ಆಮೇಲೆ ಎದ್ದು ಕಪ್ಪು ಶಾಲು ಹುಡುಕಿ ಹೊದ್ದುಕೊಂಡು ಚರ್ಚಿಗೆ ಹೋಗಿ, ಸತ್ತವಳ ಹೆಸರಿನಲ್ಲಿ ಪೂಜೆ ಮಾಡಿಸಬೇಕೆಂದಳು. ಹೊಸ ಪಾದ್ರಿ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡ.

"ನಿಮಗೆ ಏನಾಗಬೇಕಮ್ಮ ಅವರು?"

"ಒಟ್ಟಿಗೆ ಕೆಲಸ ಮಾಡ್ತಿದ್ವಿ, ಫಾದರ್."

ಮರುದಿನದ ಪೂಜೆಗೆ ಎಲೋಯ್ಸಾ ಮತ್ತು ಚೋನಾ ಇಬ್ಬರೇ ಬಂದಿದ್ದರು. ಪಾದ್ರಿ ಹೆಸರನ್ನು ತಪ್ಪಾಗಿ ಉಚ್ಚರಿಸಿದಾಗ ಎಲೋಯ್ಸಾ ಕೂತಲ್ಲಿಂದಲೇ, ಮೆಲ್ಲಗೆ, ತಿದ್ದಿದಳು.