ನೀರೊಲೆಯ ಬೂದಿಯಲ್ಲಿಟ್ಟ ಮಣಿ

ಅಕ್ಕನ ಹಸಿರು ಬಳೆಗಳಲ್ಲಿ ಉಳಿದದ್ದು ಮೂರು. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ನರ್ಸು ಅವುಗಳನ್ನು ಸೋಪು ಹಚ್ಚಿ ಬಿಚ್ಚಿ, ಹತ್ತಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದಳು. ಅಕ್ಕ ವಾಪಸು ಬರಲಿಲ್ಲ. ಬಳೆಗಳು ಉರಿಗಾಂನಲ್ಲಿ, ಗಣಿ ಕೂಲಿಕಾರರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಯ ಟ್ರಂಕಿನಲ್ಲಿ ಹನ್ನೊಂದು ವರ್ಷ ಹಾಗೇ ಇದ್ದವು.

ಬಂಗಾರಪೇಟೆಯಲ್ಲಿ ತಂದೆಯ ಹತ್ತಿರ ಬೆಳೆದ ಅಕ್ಕನ ಮಗಳಿಗೆ ಹೋದ ವರ್ಷ ಮದುವೆ ಗೊತ್ತಾಯಿತು. ಸೀರೆ ತೋರಿಸಲು ಬಂದವಳು ನನ್ನ ಕೆಲಸದ ಮೇಜಿನ ಮುಂದೆ ಕೂತು, "ಚಿಕ್ಕಮ್ಮ, ಅಮ್ಮನ ಬಳೇಲಿ ಒಂದೇ ಒಂದು ಮಣಿ ಮಾಡ್ಕೊಡ್ತೀಯಾ? ತಾಳಿ ದಾರಕ್ಕೆ ಪೋಣಿಸ್ಕೊತೀನಿ" ಎಂದಳು. ನಾನು ಗಾಜಿನ ಮಣಿ ಮಾಡುವವಳು. ಗ್ಯಾಸಿನ ಉರಿಯಲ್ಲಿ ಗಾಜಿನ ಕಡ್ಡಿ ಕರಗಿಸಿ, ಜೇಡಿಮಣ್ಣು ಬಳಿದ ತಂತಿಗೆ ಸುತ್ತಿ, ಸರಕ್ಕೂ ಓಲೆಗೂ ಮಣಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಅದಕ್ಕೇನಂತೆ, ಎಂದುಬಿಟ್ಟೆ. ದೊಡ್ಡ ಕಸುಬಿನವಳ ಹಾಗೆ.

ಅಮ್ಮನಿಗೆ ಇದು ಹಿಡಿಸಲಿಲ್ಲ. ಹಿತ್ತಿಲ ಬಾಗಿಲಲ್ಲಿ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಅವಳನ್ನ ಒಂದು ಕಿತ ಬೆಂಕೀಗೆ ಕೊಟ್ಟಿದೀವಲ್ಲೇ. ಅವಳ ಬಳೇನೂ ಯಾಕೆ ಸುಡ್ತೀಯ? ಇನ್ನೊಂದು ಕಿತ ಈ ಮಾತು ಎತ್ತಬ್ಯಾಡ."

ನಾನು ಎತ್ತಲಿಲ್ಲ. ಬಾಯಿ ಮುಚ್ಚಿಕೊಂಡು, ಅವಳಿಗೆ ಗೊತ್ತಾಗದಂತೆ ಮಾಡಲು ಹೊರಟೆ. ತಪ್ಪಾದದ್ದು ಅಲ್ಲೇ.

ಮಣಿ ಮಾಡುವುದು ಕಷ್ಟವಲ್ಲ, ಆರಿಸುವುದು ಕಷ್ಟ. ಉರಿಯಿಂದ ತೆಗೆದೊಡನೆ ಮಣಿಯ ಮೈ ಬೇಗ ಆರುತ್ತದೆ, ಹೊಟ್ಟೆ ಇನ್ನೂ ಕಾದೇ ಇರುತ್ತದೆ. ಎರಡೂ ಎಳೆದಾಡಿ ಗಾಜು ಸೀಳುತ್ತದೆ. ಅದಕ್ಕೇ ಅದನ್ನು ಬಿಸಿಯೊಳಗೇ ಹುಗಿದಿಟ್ಟು, ಗಂಟೆಗಟ್ಟಲೆ ನಿಧಾನವಾಗಿ ಆರಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೊದಲ ಬಳೆಯ ಮಣಿಯನ್ನು ನೋಡುವ ಆಸೆಗೆ ಬೇಗನೆ ಹೊರತೆಗೆದೆ. ಅಂಗೈ ಮೇಲೇ ಟಿಕ್ ಎಂದು ಸೀಳಿತು. ಎರಡನೆಯದನ್ನು ಡಬ್ಬದ ತಣ್ಣನೆಯ ಬೂದಿಯಲ್ಲಿ ಹುಗಿದೆ. ನೋಡಲು ಚೆನ್ನಾಗಿಯೇ ಬಂತು. ಎರಡು ದಿನ ಬಿಟ್ಟು ಪೊಟ್ಟಣ ಬಿಚ್ಚಿದರೆ ಎರಡು ಹೋಳಾಗಿತ್ತು.

ಉಳಿದದ್ದು ಒಂದೇ ಬಳೆ. ಆಗ ಹೊಳೆದದ್ದು ಹಿತ್ತಿಲ ನೀರೊಲೆ. ಸಂಜೆ ಸ್ನಾನದ ಹಂಡೆಗೆ ಉರಿ ಹಾಕಿದರೆ ಅದರ ಕೆಂಡ, ಬೂದಿ ಬೆಳಗಿನವರೆಗೂ ಕಾವು ಹಿಡಿದಿರುತ್ತದೆ. ಮಣ್ಣಿನ ಕುಡಿಕೆಗೆ ಜರಡಿ ಹಿಡಿದ ಬೂದಿ ತುಂಬಿ, ಕೆಂಡದ ನಡುವೆ ಕಾಯಿಸಿ, ಅಂಗಡಿಗೆಂದು ಮಾಡಿದ ಮಣಿಗಳನ್ನು ಎರಡು ಸಲ ಅದರಲ್ಲಿಟ್ಟು ನೋಡಿದೆ. ಒಂದೂ ಸೀಳಲಿಲ್ಲ. ಮದುವೆ ಭಾನುವಾರ. ಗುರುವಾರ ಸಂಜೆ ಕೊನೆಯ ಬಳೆ ಕರಗಿಸಿ, ಮಣಿಯನ್ನು ಕುಡಿಕೆಯೊಳಗೆ ಹುಗಿದೆ. ಬೇಗ ಆರಿಬಿಟ್ಟೀತೆಂಬ ಭಯಕ್ಕೆ ಸುತ್ತ ತೆಂಗಿನ ಚಿಪ್ಪು ಜಾಸ್ತಿಯೇ ಹಾಕಿ, ಮೇಲೆ ಬೂದಿ ಎಳೆದೆ. ಕುಡಿಕೆ ಕಾಣದ ಹಾಗೆ ಚೆನ್ನಾಗಿಯೇ ಎಳೆದೆ.

ಶುಕ್ರವಾರ ಬೆಳಿಗ್ಗೆ ಎದ್ದವಳೇ ಒಲೆಯ ಹತ್ತಿರ ಹೋಗಬೇಕಿತ್ತು. ಅವತ್ತೇ ನಲ್ಲಿಗೆ ಬೇತಮಂಗಲದ ಕೆರೆಯ ನೀರು ಬಿಟ್ಟರು. ಬೀದಿ ನಲ್ಲಿಯಲ್ಲಿ ಬಿಂದಿಗೆ ಇಟ್ಟು ಸಾಲಿನಲ್ಲಿ ನಿಂತೆ. ಶುಕ್ರವಾರ ಅಮ್ಮ ಒಲೆಯ ಬೂದಿ ತೆಗೆದು, ಸಾರಿಸಿ, ರಂಗೋಲಿ ಎಳೆ ಎಳೆಯುತ್ತಾಳೆ. ತೆಗೆಯುವ ಮುಂಚೆ ಬೂದಿ ಹಾರದಿರಲೆಂದು ಒಂದು ಚೊಂಬು ನೀರು ಹಾಕುತ್ತಾಳೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆ ದಿನ ಮಾತ್ರ ನೆನಪಾಗಲಿಲ್ಲ. ಮೊದಲ ಬಿಂದಿಗೆ ಹೊತ್ತು ಹಿತ್ತಿಲಿಗೆ ಬರುವಾಗ ಚುಯ್ ಎಂಬ ಸದ್ದು ಕೇಳಿತು. ಚಿಪ್ಪು ಜಾಸ್ತಿ ಹಾಕಿದ್ದರಿಂದ ಬೂದಿ ಇನ್ನೂ ಸುಡುತ್ತಿತ್ತು.

ಬಿಂದಿಗೆ ಎಸೆದು, ಕೈ ಸುಟ್ಟರೂ ಬಿಡದೆ ಕೆದಕಿದೆ. ಕುಡಿಕೆ ಬಿರಿದಿತ್ತು. ಒಳಗೆ ಹಸಿರು ಚೂರುಗಳಿದ್ದವು.

"ಏನೇ ಅದು? ನಂಗೇನು ಗೊತ್ತಮ್ಮ, ಬೂದಿ ಅಂತ..." ಎಂದಳು ಅಮ್ಮ.

ನಾನು ತಿರುಗಿ ನಿಂತು, "ಅವಳನ್ನೂ ನೀನೇ ಕಳ್ದೆ, ಈಗ ಇದನ್ನೂ ಕಳ್ದೆ" ಎಂದೆ.

ಹೊಟ್ಟೆನೋವೆಂದು ಅಕ್ಕ ನಮ್ಮ ಮನೆಗೆ ಬಂದಾಗ ಅಮ್ಮ ಎರಡು ದಿನ ಓಮದ ಕಷಾಯ ಕೊಟ್ಟು ನೋಡಿದ್ದಳು. ಮೂರನೆಯ ದಿನ ಆಸ್ಪತ್ರೆಗೆ ಹೋದೆವು. ಕಷಾಯ ಬೇಡ ಎಂದು ನಾನೂ ಹೇಳಿರಲಿಲ್ಲ. ಆ ವಿಷಯವನ್ನು ಹನ್ನೊಂದು ವರ್ಷ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಎತ್ತಿದವಳು ನಾನು, ಅದೂ ಒಂದು ಮಣಿಗಾಗಿ. ಅಮ್ಮ ಚೊಂಬನ್ನು ಒಲೆಯ ಪಕ್ಕ ಮಗುಚಿಟ್ಟು ಒಳಗೆ ಹೋದಳು.

ಮದುವೆಯಾಯಿತು. ಹುಡುಗಿ ಅಂಗಡಿಯ ಮಣಿಯನ್ನೇ ಪೋಣಿಸಿಕೊಂಡಳು. "ಓಗ್ಲಿ ಬಿಡು ಚಿಕ್ಕಮ್ಮ" ಎಂದು ನನ್ನ ಸುಟ್ಟ ಬೆರಳು ಹಿಡಿದುಕೊಂಡಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಈಗಲೂ ಪ್ರತಿ ಶುಕ್ರವಾರ ಅಮ್ಮ ಚೊಂಬು ಹಿಡಿದು ಒಲೆಯ ಮುಂದೆ ನಿಂತು, ನನ್ನ ಕಡೆ ನೋಡದೆ ಕೇಳುತ್ತಾಳೆ: "ಇದರಾಗೆ ಏನಾರ ಐತಾ?"

"ಏನೂ ಇಲ್ಲಮ್ಮ, ಹಾಕು" ಎನ್ನುತ್ತೇನೆ. ತಪ್ಪಾಯಿತು ಎನ್ನುವಷ್ಟು ಬಾಯಿ ನನಗೆ ಇನ್ನೂ ಬಂದಿಲ್ಲ. ಅವಳು ನನ್ನ ಮಾತು ನಂಬುವುದಿಲ್ಲ. ಚೊಂಬು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತು, ಬೂದಿಯನ್ನೆಲ್ಲ ಬೆರಳಲ್ಲಿ ಜಾಲಾಡಿ ನೋಡಿ, ಆಮೇಲೆ ನೀರು ಹಾಕುತ್ತಾಳೆ.