ತೊಟ್ಟಿಲಲ್ಲಿಟ್ಟ ಗುಂಡುಕಲ್ಲು

ಶಕುನ, ಗಾಳಿ, ದೆವ್ವ ಎಂದರೆ ನಗುವವಳು ನಾನು. ಬೆಕ್ಕು ಅಡ್ಡ ಬಂತೆಂದು ನಮ್ಮತ್ತೆ ಕಟ್ಟೆಯ ಮೇಲೆ ಕುಳಿತುಬಿಟ್ಟರೆ, ಬೆಕ್ಕಿಗೂ ಏನಾದರೂ ಕೆಲಸ ಇರುತ್ತದೆ ಎನ್ನುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನನ್ನ ಹಟವೇನಿಲ್ಲ.

ಆಗಿನ್ನೂ ಬ್ರಿಟಿಷರ ಕಾಲ. ನಮ್ಮದು ಧಾರವಾಡ, ನಮ್ಮವರದು ಬಡಿಗತನ. ಕುರ್ಚಿ, ಮಂಚ, ಕಪಾಟು ಎಲ್ಲವನ್ನೂ ತಾವೇ ಯೋಚಿಸಿ ಕೆತ್ತುತ್ತಿದ್ದರು. ಅಂಗಡಿ ಹಾಕಿರೆಂದರೆ ಕೇಳುತ್ತಿರಲಿಲ್ಲ. “ಅಂಗಡ್ಯಾಗ ಮಂದಿ ಕುರ್ಚಿ ನಿಂತು ನೋಡ್ತಾರ, ಮನ್ಯಾಗ ಆದ್ರ ಕುಂತು ನೋಡ್ತಾರ” ಎನ್ನುವರು. ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯೇ ಅಂಗಡಿ. ಬಂದವರು ಕುಳಿತು, ಒರಗಿ, ಚಹಾ ಕುಡಿದು ಹೋಗುತ್ತಿದ್ದರು. ಚಹಾ ಕಾಸುವವಳು ಮಾತ್ರ ನಾನೇ.

ಒಂದು ರವಿವಾರ ತೊಟ್ಟಿಲೊಂದನ್ನೂ ಮಾದರಿಗೆಂದು ತೂಗುಹಾಕಿದ್ದರು. ನಮ್ಮವರ ತಂಗಿ ಶಾಂತಾಳ ಕೂಸಿಗೆಂದೇ ಮಾಡಿದ್ದು. ಕೂಸು ಅದರಲ್ಲಿ ಮಲಗುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಶಾಂತಾ ನಮ್ಮಲ್ಲೇ ಇದ್ದಳು. ಒಂದು ಹನಿ ಕಣ್ಣೀರಿಲ್ಲ, ಮಾತಿಲ್ಲ. ತುತ್ತು ಬಾಯಿಗಿಟ್ಟರೆ ನುಂಗುವಳು, ಅಷ್ಟೇ. ಹೀಗೇ ಇದ್ದರೆ ಹುಡುಗಿಯ ತಲೆ ಕೆಟ್ಟೀತೆಂದು ನಮಗೆಲ್ಲ ಭಯ.

ಬರಿ ತೊಟ್ಟಿಲು ತೂಗಬಾರದು ಎಂಬ ಮಾತು ನಿಮಗೂ ಗೊತ್ತಿರಬೇಕು. ಹೆಸರಿಡುವ ದಿನವೂ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುತ್ತೇವೆ. ಬಂದವರು ತೊಟ್ಟಿಲನ್ನು ತೂಗದೆ ಬಿಡುವುದಿಲ್ಲವೆಂದು ಅತ್ತೆ ಅಡುಗೆಮನೆಯ ಗುಂಡುಕಲ್ಲಿಗೆ ಕೂಸುಗಳಿಗೆ ಹೊದಿಸುವ ಕುಂಚಿಗೆ ಸುತ್ತಿ ಒಳಗಿಟ್ಟರು. ಹೊರಗೆ ಜಿಟಿಜಿಟಿ ಮಳೆ, ಬಿಸಿಲಿನ ಸುಳಿವಿರಲಿಲ್ಲ.

ಹುಬ್ಬಳ್ಳಿಯ ಕೇಶ್ವಾಪುರದಿಂದ ವಕೀಲರೊಬ್ಬರ ಹೆಂಡತಿ ಬಂದಿದ್ದರು. ತೊಟ್ಟಿಲೊಳಗೆ ಇಣುಕಿದವರೇ ದನಿ ತಗ್ಗಿಸಿ, “ಸಾವಕಾಶ ಮಾತಾಡ್ರಿ, ಕೂಸು ಮಲಗೇತಿ” ಎಂದರು. ಅದು ಕಲ್ಲೆಂದು ನಾನು ಹೇಳುವಷ್ಟರಲ್ಲಿ ಒಳಗಿನಿಂದ ಶಾಂತಾ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕಲ್ಲನ್ನೆತ್ತಿ ಹೆಗಲಿಗೆ ಹಾಕಿಕೊಂಡಳು.

“ಜ್ವರಾ ಇಳದೈತ್ರಿ ವೈನಿ. ಮುಟ್ಟಿ ನೋಡ್ರಿ.”

ಹುಡುಗಿಯ ತಲೆ ಕೆಟ್ಟೇ ಹೋಯಿತು ಎಂದುಕೊಂಡೆ. ಸಮಾಧಾನ ಮಾಡಿ ಕಲ್ಲನ್ನು ಇಸಿದುಕೊಂಡೆ. ಕುಂಚಿಗೆಯೊಳಗೆ ಕೈ ಹೋಯಿತು. ಕಲ್ಲು ಬೆಚ್ಚಗಿತ್ತು. ನಿದ್ದೆಯಲ್ಲಿರುವ ಕೂಸಿನ ಬೆನ್ನು ಇರುತ್ತದಲ್ಲ, ಅಷ್ಟು ಬೆಚ್ಚಗೆ.

ನನ್ನ ಮುಖದಲ್ಲಿ ಶಾಂತಾ ಏನು ಕಂಡಳೋ, ಅಲ್ಲೇ ಕುಸಿದು ಕುಳಿತು ಗೋಳೋ ಎಂದು ಅತ್ತಳು. ವಕೀಲರ ಹೆಂಡತಿಯೂ ಅತ್ತರು. ಸಂಜೆ ಶಾಂತಾ ತಾನಾಗಿ ಎದ್ದು ರೊಟ್ಟಿ ಬೇಡಿದಳು. ಮುಂದೆ ಗಂಡನ ಮನೆಗೆ ಹೋಗಿ ಬಾಳುವೆ ಮಾಡಿದಳು.

ಅವಳು ಹೊತ್ತುಕೊಂಡಿದ್ದಕ್ಕೇ ಬೆಚ್ಚಗಾಗಿತ್ತು ಎಂದರು ನಮ್ಮವರು. ಇರಬಹುದು. ನಾನೂ ಆಮೇಲೆ ಅದೇ ಕಲ್ಲನ್ನು ಕುಂಚಿಗೆ ಸುತ್ತಿ ಬಹಳ ಹೊತ್ತು ಎದೆಗಪ್ಪಿಕೊಂಡು ನೋಡಿದೆ. ತಣ್ಣಗೇ ಇತ್ತು.

ಅವರಿಗೆ ನಾನು ಹೇಳದ್ದು ಒಂದುಂಟು. ಅಂದು ಶಾಂತಾ ಅಳುತ್ತಿದ್ದಾಗ ಕಲ್ಲು ನನ್ನ ಕೈಯಲ್ಲೇ ಇತ್ತು. ಅಂಗೈಯಡಿಯಲ್ಲಿ ಅದು ಸ್ವಲ್ಪಸ್ವಲ್ಪವೇ ತಣ್ಣಗಾಗುತ್ತ ಹೋಯಿತು. ಕಲ್ಲೆಂದು ಗೊತ್ತಿದ್ದೂ, ಪೂರ್ತಿ ತಣ್ಣಗಾಗುವ ತನಕ ಕೆಳಗಿಡುವುದು ನನ್ನಿಂದ ಆಗಲಿಲ್ಲ.